ಐವತ್ನಾಲ್ಕು ಡಿಗ್ರಿಯ ತರಗತಿ: ಎಸ್‌ಪಿಐ ತಾಳವನ್ನು ಕೈಯಿಂದ ಹಾಕಿಸಿದ ಎರಡು ಪಾಠಗಳು

ಮಳವಳ್ಳಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನನ್ನ ಬೋಧನಾಭ್ಯಾಸದ ಹನ್ನೊಂದನೆಯ ಪಾಠ. ಒಂಬತ್ತನೆಯ ತರಗತಿ, ಬಿಸಿಯೂಟದ ನಂತರದ ಅವಧಿ, ಅಟಲ್ ಟಿಂಕರಿಂಗ್ ಪ್ರಯೋಗಾಲಯ. ಹಿಂದಿನ ಬೆಂಚಿನಲ್ಲಿ ಮಂಡ್ಯದಿಂದ ಬಂದಿದ್ದ ನಮ್ಮ ಭೌತವಿಜ್ಞಾನ ಬೋಧನಾ ವಿಧಾನದ ಉಪನ್ಯಾಸಕರು ವೀಕ್ಷಣಾ ಪುಸ್ತಕ ತೆರೆದು ಕುಳಿತಿದ್ದರು. ನಾನು ಆರ್ಡುಯಿನೊ ಊನೊ ಹಲಗೆಗೆ ವಿದ್ಯುತ್ ಕೊಟ್ಟೆ. ಪುಟ್ಟ ಪರದೆಯಲ್ಲಿ 54.50 ಎಂದು ಮೂಡಿತು. ಗೋಡೆಯ ಮೇಲಿನ ತಾಪಮಾಪಕ 27 ಡಿಗ್ರಿಗಿಂತ ತುಸು ಮೇಲೆ ನಿಂತಿತ್ತು.

"ಮಿಸ್, ಐವತ್ನಾಲ್ಕು ಅಂದ್ರೆ ಇಷ್ಟೊತ್ಗೆ ನಾವೆಲ್ಲ ಬೆಂದೋಗಿರ್ಬೇಕಿತ್ತು" ಎಂದ ಕಿಟಕಿ ಪಕ್ಕದ ಹುಡುಗ. ತರಗತಿ ನಕ್ಕಿತು. ನಾನೂ ನಕ್ಕೆ. ನಕ್ಕು, "ಸೆನ್ಸರ್ ಕೆಟ್ಟಿದೆ, ಇನ್ನೊಂದು ಹಾಕೋಣ" ಎಂದೆ. ಇನ್ನೊಂದನ್ನು ಹಾಕಿದರೆ ಅದೂ 54.50. ಉಳಿದ ಹತ್ತು ನಿಮಿಷ ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಹೇಗೋ ಗಂಟೆ ಹೊಡೆಯುವವರೆಗೆ ಎಳೆದೆ.

ವೀಕ್ಷಣಾ ಪುಸ್ತಕದಲ್ಲಿ ಕಂಠಸ್ವರ, ಹಲಗೆಯ ಬರಹ, ತರಗತಿ ನಿರ್ವಹಣೆಯ ಕುರಿತ ಮಾಮೂಲಿ ಸಾಲುಗಳ ಕೆಳಗೆ ಒಂದು ಪ್ರಶ್ನೆ ಇತ್ತು: "ಸಂವೇದಕ ಕೆಟ್ಟಿದ್ದರೆ ಸರಿಯಾಗಿ ಎರಡರಷ್ಟೇ ಏಕೆ ತೋರಿಸಬೇಕು?" ಆ ಸಂಜೆ ಮದ್ದೂರಿನ ಬಸ್ಸಿನಲ್ಲಿ ಕುಳಿತು ಅದನ್ನೇ ಯೋಚಿಸಿದೆ. ಕೆಟ್ಟ ಉಪಕರಣ ಬಾಯಿಗೆ ಬಂದದ್ದನ್ನು ಹೇಳುತ್ತದೆ. ಅಚ್ಚುಕಟ್ಟಾಗಿ ಇಮ್ಮಡಿ ಹೇಳುವುದಿಲ್ಲ. ತಪ್ಪು ಸಂವೇದಕದ್ದಲ್ಲ, ನನ್ನದು ಎಂಬುದು ಮನೆ ತಲುಪುವಷ್ಟರಲ್ಲಿ ಖಾತ್ರಿಯಾಗಿತ್ತು. ಎಲ್ಲಿ ಎಂಬುದು ತಿಳಿಯಲು ಎರಡು ರಾತ್ರಿ ಹಿಡಿಯಿತು. ಹುಡುಕುವಾಗ ನನಗೆ ಅರ್ಥವಾದದ್ದನ್ನು, ಆಮೇಲೆ ಅದನ್ನೇ ಮಕ್ಕಳಿಗೆ ಪಾಠ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀತಿ ಆಯೋಗದ ಅಟಲ್ ಇನ್ನೊವೇಶನ್ ಮಿಷನ್ 2016ರಲ್ಲಿ ಶುರುವಾದಂದಿನಿಂದ ಇಂಥ ಪ್ರಯೋಗಾಲಯಗಳು ಅನೇಕ ಶಾಲೆಗಳಿಗೆ ಬಂದಿವೆ. ಬೋಧನಾಭ್ಯಾಸಕ್ಕೆ ಹೋಗುವ ನಮ್ಮಲ್ಲಿ ಹಲವರಿಗೆ ಅದರ ಬೀಗದ ಕೈ ಒಂದಲ್ಲ ಒಂದು ದಿನ ಸಿಗುತ್ತದೆ.

ಮೊದಲು ಸಲಕರಣೆ. ಬಿಸಿ ಅಳೆಯಲು ನಾನು ಬಳಸಿದ್ದು ಕೆ ಮಾದರಿಯ ಥರ್ಮೋಕಪಲ್ ಮತ್ತು ಅದರ ಜೊತೆ ಬರುವ ಮ್ಯಾಕ್ಸ್ 6675 ಎಂಬ ಚಿಪ್. ಎರಡು ಬೇರೆ ಬೇರೆ ಲೋಹಗಳ ತಂತಿಗಳನ್ನು ಒಂದು ತುದಿಯಲ್ಲಿ ಬೆಸೆದು ಆ ತುದಿಯನ್ನು ಕಾಯಿಸಿದರೆ ಇನ್ನೊಂದು ತುದಿಯಲ್ಲಿ ಅತಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಅದನ್ನು ಅಳೆದು ಅಂಕಿಯಾಗಿ ಬದಲಿಸುವುದು ಚಿಪ್‌ನ ಕೆಲಸ. ಆ ಅಂಕಿಯನ್ನು ಅದು ಎಸ್‌ಪಿಐ ಎಂಬ ಪದ್ಧತಿಯಲ್ಲಿ ಹೊರಗೆ ಕಳಿಸುತ್ತದೆ.

ಎಸ್‌ಪಿಐ ಅಂದರೆ ಸೀರಿಯಲ್ ಪೆರಿಫೆರಲ್ ಇಂಟರ್‌ಫೇಸ್. 1980ರ ದಶಕದಲ್ಲಿ ಮೊಟೊರೊಲಾ ಕಂಪನಿ ತನ್ನ ಮೈಕ್ರೊಕಂಟ್ರೋಲರ್‌ಗಳಿಗಾಗಿ ತಂದ ಪದ್ಧತಿ, ಆಮೇಲೆ ಎಲ್ಲರೂ ಬಳಸತೊಡಗಿದರು. ಸಂಖ್ಯೆಯನ್ನು ಬಿಟ್ಟು ಬಿಟ್ಟಾಗಿ, ಅಂದರೆ ಒಂದೊಂದೇ 0 ಅಥವಾ 1 ಆಗಿ, ಒಂದೇ ತಂತಿಯಲ್ಲಿ ಸಾಲಾಗಿ ಕಳಿಸುತ್ತಾರೆ. ಒಂದು ಬಿಟ್ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ತಿಳಿಸಲು ಬೇರೊಂದು ತಂತಿಯಲ್ಲಿ ಕ್ಲಾಕ್ ಸಂಕೇತ ಮೇಲೆ ಕೆಳಗೆ ಆಡುತ್ತದೆ. ತರಗತಿಯಲ್ಲಿ ನಾನು ಇದನ್ನು ತಾಳ ಎಂದೆ, ಇಲ್ಲೂ ಹಾಗೇ ಕರೆಯುತ್ತೇನೆ. "ಈಗ ನಿನ್ನ ಸರದಿ, ಮಾತಾಡು" ಎಂದು ಚಿಪ್‌ಗೆ ಹೇಳಲು ಮೂರನೆಯ ತಂತಿ, ಅದರ ಹೆಸರು ಸಿಎಸ್. ಅದನ್ನು ಕೆಳಗಿಳಿಸಿದರೆ ಚಿಪ್ ಮಾತಿಗೆ ತೊಡಗುತ್ತದೆ, ಮೇಲೆತ್ತಿದರೆ ಸುಮ್ಮನಾಗುತ್ತದೆ. ಸಾಮಾನ್ಯವಾಗಿ ಚಿಪ್‌ಗೆ ಮಾಹಿತಿ ಕಳಿಸಲು ನಾಲ್ಕನೆಯ ತಂತಿಯೂ ಇರುತ್ತದೆ. ನಮ್ಮದು ಬರೀ ಹೇಳುವ ಚಿಪ್, ಕೇಳುವುದಿಲ್ಲ. ಹಾಗಾಗಿ ಮೂರೇ ಸಾಕು.

ಊನೊ ಹಲಗೆಯ ಒಳಗೆ ಈ ಕೆಲಸಕ್ಕೆಂದೇ ಒಂದು ಯಂತ್ರಾಂಶ ಇದೆ. ಅದು 11, 12, 13ನೇ ಪಿನ್‌ಗಳಿಗೆ ಜೋಡಣೆಯಾಗಿರುತ್ತದೆ. ಆದರೆ ನಮ್ಮ ಪ್ರಯೋಗಾಲಯದ ಹಲಗೆಯಲ್ಲಿ 11 ಮತ್ತು 12ನ್ನು ಪರದೆ ಹಿಡಿದುಕೊಂಡಿತ್ತು. ಪರದೆ ಜೋಡಿಸಲು ಆರ್ಡುಯಿನೊ ಜೊತೆಗೆ ಬರುವ ಮಾದರಿ ಪ್ರೋಗ್ರಾಂ ಹಾಗೇ ಹೇಳುತ್ತದೆ, ಎಲ್ಲರೂ ಹಾಗೇ ಜೋಡಿಸುತ್ತಾರೆ. ಪರದೆಯ ತಂತಿ ಬಿಚ್ಚಿ ಬೇರೆಡೆ ಹಾಕುವ ಬದಲು ನಾನು ಖಾಲಿ ಇದ್ದ 6, 7, 8ನೇ ಪಿನ್‌ಗಳನ್ನು ತೆಗೆದುಕೊಂಡೆ. ಇವು ಯಾವ ವಿಶೇಷ ವಿದ್ಯೆಯೂ ಇಲ್ಲದ ಸಾಮಾನ್ಯ ಪಿನ್‌ಗಳು. ಮೇಲೆ ಹೋಗು ಎಂದರೆ 5 ವೋಲ್ಟ್‌ಗೆ ಹೋಗುತ್ತವೆ, ಕೆಳಗೆ ಬಾ ಎಂದರೆ ಸೊನ್ನೆಗೆ ಬರುತ್ತವೆ, ಏನು ಬಂದಿದೆ ನೋಡು ಎಂದರೆ ನೋಡಿ ಹೇಳುತ್ತವೆ. ಯಂತ್ರಾಂಶ ತಾನಾಗಿ ಮಾಡುವುದನ್ನು ಪ್ರೋಗ್ರಾಂನಲ್ಲಿ ಹೆಜ್ಜೆ ಹೆಜ್ಜೆಯಾಗಿ ನಾವೇ ಮಾಡಿಸಬೇಕು. ಈ ಕಸುಬಿನವರು ಇದನ್ನು ಬಿಟ್ ಬ್ಯಾಂಗಿಂಗ್ ಎನ್ನುತ್ತಾರೆ.

ಇಲ್ಲೇ ನಾನು ಎಡವಿದ್ದು. ಪ್ರತಿ ಬಿಟ್‌ಗೂ ನಾನು ಬರೆದಿದ್ದ ಕ್ರಮ ಇದು: ತಾಳ ಮೇಲಕ್ಕೆ, ತಾಳ ಕೆಳಕ್ಕೆ, ಆಮೇಲೆ ಓದು. ಬರೆಯಬೇಕಿದ್ದದ್ದು ಇದು: ತಾಳ ಮೇಲಕ್ಕೆ, ಓದು, ಆಮೇಲೆ ತಾಳ ಕೆಳಕ್ಕೆ. ನೋಡಲು ಎರಡೂ ಒಂದೇ ಥರ ಇವೆ. ಹಿರಿಯ ಪ್ರಶಿಕ್ಷಣಾರ್ಥಿಯೊಬ್ಬರ ಟಿಪ್ಪಣಿಯಲ್ಲಿ ಸರಿಯಾಗಿಯೇ ಇತ್ತು, ನಾನು ನೆನಪಿನಿಂದ ಟೈಪ್ ಮಾಡುವಾಗ ಹಿಂದುಮುಂದಾಯಿತು. ಅರ್ಥ ಗೊತ್ತಿದ್ದರೆ ಹಿಂದುಮುಂದಾಗುತ್ತಿರಲಿಲ್ಲ.

ಈ ಚಿಪ್‌ನ ವಿವರಪತ್ರದ ಪ್ರಕಾರ ಸಿಎಸ್ ಕೆಳಗಿಳಿದ ಕೂಡಲೇ ಮೊದಲನೆಯ ಬಿಟ್ ಹೊರಗೆ ಬಂದು ನಿಂತುಬಿಟ್ಟಿರುತ್ತದೆ. ತಾಳ ಕೆಳಗೆ ಬೀಳುವ ಪ್ರತಿ ಸಲವೂ ಇದ್ದ ಬಿಟ್ ಹೋಗಿ ಮುಂದಿನದು ಬರುತ್ತದೆ. ನಾನು ತಾಳವನ್ನು ಮೊದಲೇ ಕೆಡವಿ ಆಮೇಲೆ ಓದಿದ್ದರಿಂದ ಮೊದಲನೆಯ ಬಿಟ್ ನನ್ನ ಕೈಗೆ ಸಿಗಲೇ ಇಲ್ಲ. ಎರಡನೆಯದನ್ನು ಮೊದಲನೆಯದೆಂದು ಬರೆದುಕೊಂಡೆ, ಮೂರನೆಯದನ್ನು ಎರಡನೆಯದೆಂದು. ಹೀಗೆ ಇಡೀ ಸಾಲು ಒಂದು ಸ್ಥಾನ ಎಡಕ್ಕೆ ಸರಿಯಿತು.

ಚಿಪ್ ಒಟ್ಟು 16 ಬಿಟ್ ಕಳಿಸುತ್ತದೆ. ಮೊದಲನೆಯದು ಯಾವಾಗಲೂ 0. ನಂತರದ 12 ಬಿಟ್‌ಗಳಲ್ಲಿ ಉಷ್ಣತೆ ಇದೆ, ಒಂದು ಅಂಕಕ್ಕೆ ಕಾಲು ಡಿಗ್ರಿ. ಕೊನೆಯ ಮೂರರಲ್ಲಿ ಮೊದಲನೆಯದು ಥರ್ಮೋಕಪಲ್ ತಂತಿ ಬಿಟ್ಟುಹೋಗಿದ್ದರೆ ಮಾತ್ರ 1 ಆಗುತ್ತದೆ. ಉಳಿದೆರಡು ಉಷ್ಣತೆಯ ಲೆಕ್ಕಕ್ಕೆ ಬರುವುದಿಲ್ಲ. ಅಂದು ಚಿಪ್ ಕಳಿಸಿದ ಸಾಲು 0 000001101101 000. ನಡುವಿನ ಹನ್ನೆರಡನ್ನು ಕೂಡಿದರೆ 64 + 32 + 8 + 4 + 1 = 109. ನೂರೊಂಬತ್ತು ಕಾಲು ಡಿಗ್ರಿ ಎಂದರೆ 27.25. ಗೋಡೆಯ ತಾಪಮಾಪಕವೂ ಅದನ್ನೇ ಹೇಳುತ್ತಿತ್ತು. ನಾನು ಓದಿದ್ದು ಒಂದು ಸ್ಥಾನ ಸರಿದ ಸಾಲು: 0 000011011010 00, ಕೊನೆಗೆ ಏನೋ ಒಂದು. ಕೂಡಿದರೆ 218, ಅಂದರೆ 54.50. ದಶಮಾನದಲ್ಲಿ 27ರ ಮುಂದೆ ಸೊನ್ನೆ ಇಟ್ಟು ಎಡಕ್ಕೆ ಸರಿಸಿದರೆ 270 ಆಗುತ್ತದೆ, ಹತ್ತರಷ್ಟು. ಇಲ್ಲಿ ಎರಡರ ಲೆಕ್ಕ, ಆದ್ದರಿಂದ ಇಮ್ಮಡಿ. ವೀಕ್ಷಣಾ ಪುಸ್ತಕದ ಪ್ರಶ್ನೆಗೆ ಉತ್ತರ ಇಷ್ಟೇ ಇತ್ತು.

ಪ್ರೋಗ್ರಾಂ ತಿದ್ದಿ ಮುಂದಿನ ಪಾಠಕ್ಕೆ ಹೋಗಿಬಿಡಬಹುದಿತ್ತು. ಹಾಗೆ ಮಾಡಿದ್ದರೆ ಸೆನ್ಸರ್ ಕೆಟ್ಟಿತ್ತು ಎಂಬ ನನ್ನ ಸುಳ್ಳು ಮೂವತ್ತೆಂಟು ಮಕ್ಕಳ ತಲೆಯಲ್ಲಿ ಹಾಗೇ ಉಳಿಯುತ್ತಿತ್ತು. ಮುಖ್ಯೋಪಾಧ್ಯಾಯರ ಬಳಿ ಇನ್ನೊಂದು ಅವಧಿ ಕೇಳಿ ಪಡೆದೆ. ನಮ್ಮ ಪಾಠ ಯೋಜನೆಯ ನಮೂನೆಯಲ್ಲಿ ಹಿಂದಿನ ಪಾಠದಲ್ಲಿ ಶಿಕ್ಷಕಿ ಮಾಡಿದ ತಪ್ಪು ಎಂಬ ಅಂಕಣ ಇಲ್ಲ. ಪೂರ್ವಜ್ಞಾನದ ಅಂಕಣದಲ್ಲೇ ಬರೆದೆ: ವಿದ್ಯಾರ್ಥಿಗಳು ತರಗತಿಯ ಉಷ್ಣತೆ 54.50 ಎಂದು ತಪ್ಪಾಗಿ ಬಂದದ್ದನ್ನು ಕಂಡಿದ್ದಾರೆ.

ಎರಡನೆಯ ಪಾಠದಲ್ಲಿ ಮೊದಲ ಇಪ್ಪತ್ತು ನಿಮಿಷ ಯಾವ ವಿದ್ಯುತ್ ಉಪಕರಣವನ್ನೂ ಮುಟ್ಟಲಿಲ್ಲ. ಹದಿನಾರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅವರ ಕೈಗೆ 0, 1 ಬರೆದ ರಟ್ಟು ಕೊಟ್ಟೆ. ಅಂದಿನ ಅದೇ 16 ಬಿಟ್‌ಗಳು. ಒಬ್ಬಳ ಕೈಗೆ ಬಿಸಿಯೂಟದ ತಟ್ಟೆ ಮತ್ತು ಸೌಟು. ಸೌಟು ಎತ್ತಿದರೆ ತಾಳ ಮೇಲೆ, ತಟ್ಟೆಗೆ ಹೊಡೆದರೆ ತಾಳ ಕೆಳಗೆ. ಹೊಡೆದ ಸದ್ದಿಗೆ ಸಾಲಿನ ಮುಂದಿರುವವರು ಪಕ್ಕಕ್ಕೆ ಹೋಗಬೇಕು, ಹಿಂದಿನವರು ಮುಂದೆ ಬರಬೇಕು. ಹಲಗೆಯ ಹತ್ತಿರ ಇಬ್ಬರು ಬರೆಯುವವರು. ಸೌಟು ಮೇಲಿರುವಾಗ ನೋಡಿ ಬರೆಯುವುದು ಒಬ್ಬನ ಕೆಲಸ, ಹೊಡೆದ ಸದ್ದು ಕೇಳಿದ ಮೇಲೆ ನೋಡಿ ಬರೆಯುವುದು ಇನ್ನೊಬ್ಬನ ಕೆಲಸ. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ಕಂಡದ್ದನ್ನೇ ಬರೆದರು. ಕೊನೆಯ ಪೆಟ್ಟಿಗೆ ಸಾಲೇ ಖಾಲಿಯಾಗಿ ಎರಡನೆಯವನು "ಮಿಸ್, ಯಾರೂ ಇಲ್ವಲ್ಲ, ಏನ್ ಬರೀಲಿ?" ಎಂದ. ಸೊನ್ನೆ ಬರೆಯಲು ಹೇಳಿದೆ.

ಬಿಟ್‌ಗಳನ್ನು ಸಂಖ್ಯೆ ಮಾಡಲು ತೂಕದ ಕಲ್ಲಿನ ಉದಾಹರಣೆ ಕೊಟ್ಟೆ. ಅಂಗಡಿಯಲ್ಲಿ 1, 2, 5ರ ಕಲ್ಲು ಇರುತ್ತವೆ. ನಮ್ಮ ಅಂಗಡಿಯಲ್ಲಿ 1, 2, 4, 8, 16 ಹೀಗೆ, ಒಂದೊಂದು ಕಲ್ಲು ಹಿಂದಿನದರ ಎರಡರಷ್ಟು. ಬಲತುದಿಯದು ಒಂದು, 1 ಇದ್ದಲ್ಲಿ ಕಲ್ಲು ಇಡು, 0 ಇದ್ದಲ್ಲಿ ಇಡಬೇಡ. ಒಂಬತ್ತನೆಯ ತರಗತಿಯವರಿಗೆ ಇಷ್ಟು ಸಾಕು, ದ್ವಿಮಾನ ಪದ್ಧತಿಯ ಪೀಠಿಕೆ ಬೇಡ. ಒಂದು ಪಟ್ಟಿಯ ಮೊತ್ತ 109, ಇನ್ನೊಂದರದು 218. ನಾಲ್ಕರಿಂದ ಭಾಗಿಸಿದ್ದೇ ತಡ, ಕಿಟಕಿ ಪಕ್ಕದ ಹುಡುಗ ಕೂಗಿದ: "ಐವತ್ನಾಲ್ಕೂವರೆ! ಮಿಸ್, ಅವತ್ತು ನೀವು ಸೌಟು ಬಡಿದ್ಮೇಲೆ ನೋಡಿದ್ರಾ?"

ಹೌದು ಎಂದೆ. ಸೆನ್ಸರ್ ಕೆಟ್ಟಿರಲಿಲ್ಲ ಎಂದೂ ಹೇಳಿದೆ.

ಸೌಟು ಮೇಲಿರುವಾಗಲೇ ಏಕೆ ನೋಡಬೇಕು ಎಂದು ಒಬ್ಬಳು ಕೇಳಿದಳು. ಕೋಲಾಟದ ಫೋಟೊ ತೆಗೆಯುವ ಮಾತು ಹೇಳಿದೆ. ಕೋಲಿಗೆ ಕೋಲು ತಾಗಿದ ಮೇಲೆ ಎಲ್ಲರೂ ಜಾಗ ಬದಲಿಸುತ್ತಿರುತ್ತಾರೆ, ಆಗ ಕ್ಲಿಕ್ಕಿಸಿದರೆ ಯಾರು ಎಲ್ಲಿದ್ದಾರೋ ತಿಳಿಯದು. ಎಲ್ಲರೂ ನಿಂತಿರುವ ಗಳಿಗೆಯನ್ನು ಹಿಡಿಯಬೇಕು. ಆದರೆ ಈ ಉಪಮೆಯನ್ನು ಬಹಳ ದೂರ ಎಳೆಯಬಾರದು, ಏಕೆಂದರೆ ಬೇರೆ ಚಿಪ್‌ಗಳು ಬೇರೆ ಗಳಿಗೆಯಲ್ಲಿ ಜಾಗ ಬದಲಿಸುತ್ತವೆ. ಎಸ್‌ಪಿಐಗೆ ಎಲ್ಲರೂ ಒಪ್ಪಿ ಬರೆದ ಒಂದೇ ನಿಯಮಪುಸ್ತಕ ಇಲ್ಲ. ತಾಳ ಸುಮ್ಮನಿರುವಾಗ ಮೇಲಿರಬೇಕೋ ಕೆಳಗಿರಬೇಕೋ, ಏರುವಾಗ ಓದಬೇಕೋ ಇಳಿಯುವಾಗಲೋ ಎಂದು ನಾಲ್ಕು ಬಗೆಗಳಿವೆ. ಯಾವುದೆಂದು ಆಯಾ ಚಿಪ್‌ನ ವಿವರಪತ್ರವನ್ನೇ ನೋಡಬೇಕು.

ನಂತರ ಹಲಗೆಯನ್ನು ತೆಗೆದೆವು. ಪ್ರೋಗ್ರಾಂ ಬದಲಿಸಿ ಒಂದು ಒತ್ತುಗುಂಡಿ ಜೋಡಿಸಿದ್ದೆ. ಗುಂಡಿ ಒತ್ತಿ ಹಿಡಿದರೆ ತಾಳ ಮೇಲೆ, ಬಿಟ್ಟರೆ ಕೆಳಗೆ. ಚಿಪ್ ಹೊರಗಿಟ್ಟ ಬಿಟ್ 1 ಆದರೆ ಹಲಗೆಯ ಮೇಲಿನ 13ನೇ ಪಿನ್ನಿನ ಎಲ್‌ಇಡಿ ಹೊತ್ತುತ್ತದೆ. ಒತ್ತುಗುಂಡಿಯನ್ನು ನೇರವಾಗಿ ತಾಳದ ತಂತಿಗೆ ಜೋಡಿಸಬೇಡಿ. ಒಂದು ಸಲ ಒತ್ತಿದರೂ ಒಳಗಿನ ಲೋಹದ ಪಟ್ಟಿ ನಾಲ್ಕಾರು ಸಲ ಕುಣಿದು ಅಷ್ಟೂ ತಾಳ ಎಣಿಕೆಯಾಗುತ್ತದೆ. ಹಲಗೆ ಗುಂಡಿಯನ್ನು ಓದಿ, ಸ್ವಲ್ಪ ಕಾದು, ಒಂದೇ ತಾಳ ಹಾಕುವಂತೆ ಪ್ರೋಗ್ರಾಂ ಇರಲಿ.

ಮಕ್ಕಳು ಸರದಿಯಲ್ಲಿ ಬಂದು ಹದಿನಾರು ಸಲ ಒತ್ತಿದರು. ಒತ್ತಿದಾಗ ದೀಪ ಬದಲಾಗದು, ಬಿಟ್ಟಾಗ ಬದಲಾಗುತ್ತದೆ ಎಂಬುದನ್ನು ನಾನು ಹೇಳುವ ಮೊದಲೇ ಕಂಡುಕೊಂಡರು. ಒಂದು ಉಷ್ಣತೆ ಓದಲು ಎರಡು ನಿಮಿಷ ಹಿಡಿಯಿತು. ನಡುವೆ ಒಬ್ಬನಿಗೆ ಕೆಮ್ಮು ಬಂದು ಗುಂಡಿ ಹಿಡಿದೇ ನಿಂತ. ಚಿಪ್ ಕಾಯಿತು. ಇದು ನನಗೆ ಈ ಪದ್ಧತಿಯ ಅತ್ಯಂತ ಸೊಗಸಾದ ಗುಣ ಎನಿಸಿತು. ತಾಳ ಹಾಕುವವರು ನಾವು, ನಾವು ನಿಲ್ಲಿಸಿದರೆ ಚಿಪ್ಪೂ ನಿಲ್ಲುತ್ತದೆ. ತಾಳ ಒಂದೇ ಸಮನೆ ಇರಬೇಕೆಂದಿಲ್ಲ. ತಾಳದ ತಂತಿಯೇ ಇಲ್ಲದೆ ಬರೀ ಹೊತ್ತು ನೋಡಿಕೊಂಡು ಬಿಟ್ ಓದುವ ಪದ್ಧತಿಗಳಲ್ಲಿ ಹೀಗೆ ಕೆಮ್ಮಿದರೆ ಎಲ್ಲಾ ಕೆಟ್ಟಿತು.

ನಿಧಾನವಾದರೆ ನಷ್ಟವಿಲ್ಲವೇ ಎಂದು ಕೇಳಬಹುದು. ಊನೊದ ಗಡಿಯಾರ 16 ಮೆಗಾಹರ್ಟ್ಸ್. ಆರ್ಡುಯಿನೊದ ಮಾಮೂಲಿ ಆಜ್ಞೆಯಿಂದ ಒಂದು ಪಿನ್ನನ್ನು ಎತ್ತಲು ಇಲ್ಲವೇ ಇಳಿಸಲು ಕೆಲವು ಮೈಕ್ರೊಸೆಕೆಂಡ್ ಬೇಕು. 16 ಬಿಟ್ ಓದಿ ಮುಗಿಸಲು ಸುಮಾರು 200 ಮೈಕ್ರೊಸೆಕೆಂಡ್. ಒಳಗಿನ ಯಂತ್ರಾಂಶ 4 ಮೆಗಾಹರ್ಟ್ಸ್ ತಾಳದಲ್ಲಿ ಇದನ್ನೇ 4 ಮೈಕ್ರೊಸೆಕೆಂಡಿನಲ್ಲಿ ಮುಗಿಸುತ್ತದೆ. ಐವತ್ತು ಪಟ್ಟು ವ್ಯತ್ಯಾಸ. ಆದರೆ ಚಿಪ್ ಒಂದು ಸಲ ಬಿಸಿ ಅಳೆಯಲು ತೆಗೆದುಕೊಳ್ಳುವುದೇ 0.22 ಸೆಕೆಂಡ್‌ವರೆಗೆ, ಅಂದರೆ ನಮ್ಮ ನಿಧಾನದ ಓದಿಗಿಂತ ಸಾವಿರ ಪಟ್ಟು. ಅಡುಗೆಗೆ ಒಂದು ಗಂಟೆ ಹಿಡಿಯುವ ಮನೆಯಲ್ಲಿ ಬಡಿಸುವವರು ಓಡಿದರೇನು, ನಡೆದರೇನು? ಬಣ್ಣದ ಪರದೆಗೆ ಚಿತ್ರ ಕಳಿಸುವಾಗಲೋ ಮೆಮೊರಿ ಕಾರ್ಡಿಗೆ ರಾಶಿ ಮಾಹಿತಿ ಬರೆಯುವಾಗಲೋ ಮಾತು ಬೇರೆ. ಅಲ್ಲಿ ಕೈತಾಳ ಸಾಲದು. ಹಲಗೆಯೇ ಇನ್ನೊಬ್ಬರ ತಾಳಕ್ಕೆ ಕುಣಿಯಬೇಕಾದಾಗಲೂ ಸಾಲದು, ಏಕೆಂದರೆ ಆಗ ಕಾಯುವವರು ಯಾರೂ ಇರುವುದಿಲ್ಲ.

ಒಂದು ಗುಂಪು ಜಾಣತನ ಮಾಡಿ ಎರಡು ಓದಿನ ನಡುವೆ ನಾನಿಟ್ಟಿದ್ದ ಕಾಲು ಸೆಕೆಂಡಿನ ವಿರಾಮವನ್ನು ಅಳಿಸಿತು. ಬಿಸಿನೀರಿನ ಲೋಟದಲ್ಲಿ ಅದ್ದಿದರೂ ಅಂಕಿ ಅಲ್ಲಾಡಲಿಲ್ಲ. ಸಿಎಸ್ ಕೆಳಗಿಳಿದಾಗ ಚಿಪ್ ಅಳತೆಯನ್ನು ಅರ್ಧಕ್ಕೇ ಬಿಡುತ್ತದೆ, ಮೇಲೇರಿದಾಗ ಮೊದಲಿನಿಂದ ಶುರು ಮಾಡುತ್ತದೆ. ಬಿಡುವಿಲ್ಲದೆ ಕೇಳುತ್ತಿದ್ದರೆ ಅಳತೆ ಎಂದೂ ಮುಗಿಯದು, ಹಳೆಯ ಅಂಕಿಯೇ ಬರುತ್ತಿರುತ್ತದೆ. "ಗಳಿಗೆಗೊಂದ್ಸಲ ಮುಚ್ಚಳ ತೆಗೆದ್ರೆ ಅನ್ನ ಬೇಯಲ್ಲ ಅಂತ ನಮ್ಮವ್ವ ಬಯ್ತಾರೆ ಮಿಸ್, ಹಂಗೇ" ಎಂದಳು ಆ ಗುಂಪಿನವಳು. ನನ್ನ ವಿವರಣೆಗಿಂತ ಅದೇ ಚೆನ್ನಾಗಿತ್ತು, ಹಲಗೆಯ ಮೇಲೆ ಬರೆಸಿದೆ.

ಪಾಠ ಮುಗಿಯುವಾಗ ಕಿಟಕಿ ಪಕ್ಕದ ಹುಡುಗ, ಅವನ ಮನೆಯವರದು ಆಲೆಮನೆ, ನಿಜವಾದ ಪ್ರಶ್ನೆ ಕೇಳಿದ: "ಮಿಸ್, ಇದ್ನ ಕೊಪ್ಪರಿಗೆಗೆ ಬಿಟ್ರೆ ಪಾಕ ಆಯ್ತು ಅಂತ ಹೇಳ್ತದಾ?" ಅಚ್ಚು ಬೆಲ್ಲಕ್ಕೆ ಪಾಕ ಇಳಿಸುವುದು ಸುಮಾರು 118 ಡಿಗ್ರಿಯ ಆಸುಪಾಸಿನಲ್ಲಿ. ಎರಡು ಡಿಗ್ರಿ ಹಿಂದೆಮುಂದೆ ಆದರೂ ಬೆಲ್ಲ ಮೆತ್ತಗಾಗುತ್ತದೆ ಇಲ್ಲವೇ ಕಂದುತ್ತದೆ. ನನ್ನ ಮೊದಲ ಪ್ರೋಗ್ರಾಂ ಹಾಕಿದ್ದರೆ 59 ಡಿಗ್ರಿಗೇ 118 ತೋರಿಸುತ್ತಿತ್ತು, ಹಾಲು ಇನ್ನೂ ಕುದಿಯುವ ಮೊದಲೇ. ಮಕ್ಕಳನ್ನು ಕೊಪ್ಪರಿಗೆಯ ಹತ್ತಿರ ಕರೆದೊಯ್ಯುವ ಮಾತೇ ಇಲ್ಲ. ನಾನೇ ನೋಡಿಕೊಂಡು ಬರುತ್ತೇನೆ ಎಂದೆ.

ಭಾನುವಾರ ಮದ್ದೂರು ತಾಲ್ಲೂಕಿನ ನಮ್ಮೂರಲ್ಲಿ ದೊಡ್ಡಪ್ಪನ ಆಲೆಮನೆಗೆ ಹೋದೆ. ಅಲ್ಲಿ ಕೈತಾಳದ ಇನ್ನೊಂದು ಉಪಯೋಗ ತಿಳಿಯಿತು. ಥರ್ಮೋಕಪಲ್ ತಂತಿ ಮೊಳದುದ್ದ ಮಾತ್ರ. ಅದಕ್ಕೆ ಸಾಧಾರಣ ತಾಮ್ರದ ತಂತಿ ಸೇರಿಸಿ ಉದ್ದ ಮಾಡಿದರೆ ಆ ಜೋಡಣೆಗಳ ಬಿಸಿಯೂ ಲೆಕ್ಕದಲ್ಲಿ ಸೇರಿ ಅಂಕಿ ಕೆಡುತ್ತದೆ. ಉದ್ದ ಮಾಡಬೇಕಾದ್ದು ಚಿಪ್ ಮತ್ತು ಹಲಗೆಯ ನಡುವಿನ ತಂತಿಗಳನ್ನು. ವೇಗದ ತಾಳಕ್ಕೆ ಮೂರು ಮೀಟರ್ ತಂತಿ ತೊಡಕು, ಸಂಕೇತದ ಅಂಚು ಕದಡುತ್ತದೆ. ನಮ್ಮ ತಾಳ ನಮ್ಮ ಕೈಯಲ್ಲೇ ಇತ್ತಲ್ಲ, ಪ್ರತಿ ಏರಿಳಿತಕ್ಕೂ 50 ಮೈಕ್ರೊಸೆಕೆಂಡ್ ನಿಲ್ಲು ಎಂದು ಬರೆದೆ, ಸರಿಹೋಯಿತು. ಈ ಚಿಪ್‌ನ ಅಳತೆಯಲ್ಲಿ ಒಂದೆರಡು ಡಿಗ್ರಿ ಹೆಚ್ಚುಕಮ್ಮಿ ಇರುವುದು ಸಹಜ, ಆದ್ದರಿಂದ ಮೊದಲು ಕುದಿಯುವ ನೀರಿನಲ್ಲಿ ನೋಡಿದೆ. ನಮ್ಮ ಕಡೆ ಸಮುದ್ರಮಟ್ಟದಿಂದ ಆರೇಳುನೂರು ಮೀಟರ್ ಎತ್ತರ, ನೀರು 98ರ ಸುಮಾರಿಗೆ ಕುದಿಯಬೇಕು. ಪರದೆ 99.50 ಹೇಳಿತು. ಒಂದೂವರೆ ಕಳೆದುಕೊಳ್ಳಬೇಕು ಎಂದು ಗುರುತು ಹಾಕಿಕೊಂಡೆ.

ಬಿದಿರು ಕೋಲಿನ ತುದಿಗೆ ಕಟ್ಟಿ ಕೊಪ್ಪರಿಗೆಗೆ ಇಳಿಬಿಟ್ಟೆವು. ದೊಡ್ಡಪ್ಪ ಪರದೆಯತ್ತ ನೋಡಲೂ ಇಲ್ಲ. ಗುಳ್ಳೆ ನೋಡಿದರು, ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿದರು, "ಇಳಿಸ್ರಪ್ಪ" ಎಂದರು. ಪರದೆಯಲ್ಲಿ 119.25 ಇತ್ತು. ಕಳೆದರೆ 117.75.

ನಾನು ಹಿಗ್ಗಿ ತೋರಿಸಿದೆ. ಅವರು ನೋಡಿ, "ಸರಿಯಾಗೇ ಹೇಳ್ತದೆ ಕಣ್ ಮಗ. ಆದ್ರೆ ಇಷ್ಟಕ್ಕೆ ಹೇಳಿದ್ರೆ ಏನ್ ಬಂತು? ಒಲೆ ಉರಿ ಕಮ್ಮಿ ಮಾಡೋಕೆ ಅದಕ್ಕೂ ಮುಂಚೆ ಹೇಳ್ಬೇಕು" ಎಂದರು.

ಸೋಮವಾರ ಆ ಮಾತನ್ನು, ಐದು ನಿಮಿಷಕ್ಕೊಮ್ಮೆ ಬರೆದುಕೊಂಡಿದ್ದ ಅಂಕಿಗಳನ್ನು ತರಗತಿಗೆ ಒಯ್ದೆ. ಮಕ್ಕಳು ನಕ್ಷೆ ಹಾಳೆಯಲ್ಲಿ ಗುರುತಿಸಿದರು. ನೀರು ಆವಿಯಾಗುವವರೆಗೆ ಗೆರೆ ನೂರರ ಹತ್ತಿರ ಬಹಳ ಹೊತ್ತು ಮಲಗಿರುತ್ತದೆ, ಆಮೇಲೆ ಏರತೊಡಗುತ್ತದೆ. 118 ಮುಟ್ಟುವ ಐದು ನಿಮಿಷ ಮೊದಲು ಎಷ್ಟಿತ್ತು ಎಂದು ಬೆರಳಿಟ್ಟು ಹುಡುಕುತ್ತಿದ್ದಾಗ ಗಂಟೆ ಹೊಡೆಯಿತು. ಕಿಟಕಿ ಪಕ್ಕದ ಹುಡುಗ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ, ತಾತನಿಗೆ ತೋರಿಸಬೇಕಂತೆ.